ಸಿಗದ ಕೊಲೆಗಾರ

ಕೊನೆಯ ಪುಟದಲ್ಲಿ ಕೊಲೆಗಾರನಿಗೆ ಕೋಳ ಬೀಳಲೇಬೇಕೆನ್ನುವ ಪತ್ತೇದಾರಿಪ್ರಿಯರು ಸ್ವಿಸ್ ಲೇಖಕ ಡ್ಯೂರೆನ್‌ಮಾಟನ ‘ದಿ ಪ್ಲೆಡ್ಜ್’ ಕಾದಂಬರಿಯನ್ನು ಮೋಸವೆನ್ನುತ್ತಾರೆ. ಉಳಿದವರು ಅದನ್ನೇ ಮೆಚ್ಚುತ್ತಾರೆ. ಮಕ್ಕಳ ಹಂತಕನನ್ನು ಹಿಡಿಯಲೆಂದು ಮತ್ತೇಯಿ ಪೆಟ್ರೋಲ್ ಬಂಕೊಂದನ್ನು ಹಿಡಿದು, ಪುಟ್ಟ ಹುಡುಗಿಯೊಬ್ಬಳನ್ನು ಎರೆಯಾಗಿಟ್ಟು ಕಾಯುತ್ತಾನೆ. ಅವನ ಊಹೆ ಸರಿಯೇ. ಆದರೆ ಹಂತಕ ಬರುವ ದಾರಿಯಲ್ಲೇ ಮೋಟಾರು ಅಪಘಾತದಲ್ಲಿ ಸಾಯುತ್ತಾನೆ. ಅದನ್ನರಿಯದ ಮತ್ತೇಯಿ ಕಾಯುತ್ತಲೇ ಹಾಳಾಗುತ್ತಾನೆ. ಲೇಖಕನೇ ಕೈಜೋಡಿಸಿದ್ದ 1958ರ ಚಲನಚಿತ್ರದಲ್ಲಿ ಗೆಲುವು ಪತ್ತೇದಾರನದು. ಅದರಿಂದ ತೃಪ್ತನಾಗದೆ ಆತ ಅದೇ ವರ್ಷ ಈ ಕಾದಂಬರಿ ಬರೆದ. ಆದ್ದರಿಂದ ಇದು ಮೋಸವಲ್ಲ, ಬೇಕೆಂದೇ ಮಾಡಿದ ತಿದ್ದುಪಡಿ.

ಸರಿಯಾಗಿ ದುಡಿದರೂ ಫಲ ತಪ್ಪಬಹುದೆಂಬುದು ಪರೀಕ್ಷೆಗೆ ಕೂರುವ ನಮಗೆ ಕಹಿಯೇ. ಮಳೆ ನಂಬಿ ಬಿತ್ತುವ, ಅಕ್ಷರವರಿಯದ ನನ್ನ ತಂದೆ ಕಥೆ ಕೇಳಿ ಬೆರಗಾಗಲಿಲ್ಲ; ಆ ಹುಡುಗಿಯ ಗತಿ ಏನಾಯಿತೆಂದಷ್ಟೇ ಕೇಳಿದರು. ದೂರುವವರಾಗಲಿ ಮೆಚ್ಚುವವರಾಗಲಿ ಆ ಪ್ರಶ್ನೆ ಎತ್ತಿದ್ದನ್ನು ನಾನು ಕೇಳಿಲ್ಲ.