ಆಸ್ಪತ್ರೆಗೆ ಒಂದೇ ಬಾಗಿಲಿರಲಿ

ಹೋಟೆಲಿನ ಅಡುಗೆಮನೆಯಲ್ಲಿ ಕಾದ ಎಣ್ಣೆ ಸಿಡಿದು ಭಟ್ಟರ ಮುಂಗೈ ಸುಟ್ಟಿತೆಂದು ಇಟ್ಟುಕೊಳ್ಳೋಣ. ನಮ್ಮ ಕಸುಬಿನಲ್ಲಿ ಇದು ಹೊಸದಲ್ಲ. ಮೊದಲು ತಣ್ಣೀರು, ಆಮೇಲೆ ಮೂಲೆಯಂಗಡಿಯ ಮುಲಾಮು. ಮೂರನೆಯ ದಿನ ಗಾಯ ಕೀವಾದಾಗ ಪ್ರಶ್ನೆ ಏಳುತ್ತದೆ: ಯಾವ ಆಸ್ಪತ್ರೆಗೆ ಹೋಗುವುದು? ಈ ಪ್ರಶ್ನೆಗೆ ಉತ್ತರ ಗಾಯವನ್ನು ನೋಡಿ ಸಿಗುವುದಿಲ್ಲ. ಧನಿಗಳ ಹಾಜರಿ ಪುಸ್ತಕದಲ್ಲಿ ಹೆಸರಿದೆಯೇ, ಹೋಟೆಲಿನಲ್ಲಿ ಎಷ್ಟು ಮಂದಿ ಕೆಲಸಕ್ಕಿದ್ದಾರೆ, ರೇಶನ್ ಕಾರ್ಡು ದಿಲ್ಲಿಯದೋ ಊರಿನದೋ ಎಂಬುದನ್ನು ನೋಡಿ ಸಿಗುತ್ತದೆ. ಸುಟ್ಟ ಕೈಗೆ ಇಷ್ಟೆಲ್ಲ ದಾಖಲೆ ಏಕೆ ಬೇಕು?

ಪ್ರಜೆಗಳೆಲ್ಲರ ಚಿಕಿತ್ಸೆಯ ಹೊಣೆಯನ್ನು ಸರಕಾರವೇ ಹೊರಬೇಕೇ ಬೇಡವೇ ಎಂಬ ಚರ್ಚೆ ದೇಶ ವಿದೇಶಗಳಲ್ಲಿ ಬಹುಕಾಲದಿಂದ ನಡೆದಿದೆ. ಇದು ಪಂಡಿತರ ಗೊಡವೆ, ನಮಗೇಕೆ ಎಂದು ಕಾರ್ಮಿಕ ಬಂಧುಗಳು ಸುಮ್ಮನಿರಬಾರದು. ಈ ಚರ್ಚೆಯ ಸೋಲು ಗೆಲುವುಗಳ ಫಲವನ್ನು ಮೊದಲು ಉಣ್ಣುವವರು ನಾವೇ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಸ್ವಾತಂತ್ರ್ಯಕ್ಕೂ ಮುಂಚೆಯೇ ಸ್ಪಷ್ಟವಾದ ಉತ್ತರ ದೊರೆತಿತ್ತು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಒಪ್ಪಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿ, ಹಣ ಕೊಡಲಾರನೆಂಬ ಕಾರಣದಿಂದ ಯಾರೊಬ್ಬನಿಗೂ ತಕ್ಕ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ಮುಂದಿಟ್ಟಿತು. ಸುಮಾರು 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಸರಕಾರದ ಸಂಬಳ ಪಡೆಯುವ ಪೂರ್ಣಾವಧಿ ವೈದ್ಯರು, ರೋಗ ಬರುವ ಮೊದಲೇ ತಡೆಯುವ ಏರ್ಪಾಟು ಇವು ಅದರ ಸಲಹೆಗಳು. ಬಡವನಿಗೊಂದು, ಬಲ್ಲಿದನಿಗೊಂದು ಎಂಬ ಭೇದ ಆ ಯೋಜನೆಯಲ್ಲಿರಲಿಲ್ಲ.

ಅದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ಇಂಥದೇ ಯೋಜನೆ ಕಾರ್ಯರೂಪಕ್ಕೆ ಬಂತು. 1948ರ ಜುಲೈ 5ರಂದು ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆ ಪ್ರಾರಂಭವಾಯಿತು. ಅದನ್ನು ತಂದ ಮಂತ್ರಿ ಅನ್ಯೂರಿನ್ ಬೆವನ್ ಚಿಕ್ಕಂದಿನಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಅವರ ಊರಾದ ಟ್ರೆಡೆಗರ್‌ನಲ್ಲಿ ಗಣಿ ಕೆಲಸಗಾರರು ತಮ್ಮ ಸಂಬಳದಿಂದ ಚಿಲ್ಲರೆ ಕಾಸು ಕೂಡಿಸಿ ವೈದ್ಯಕೀಯ ಸಹಾಯ ಸಂಘವೊಂದನ್ನು ನಡೆಸುತ್ತಿದ್ದರು. ಆ ಸಂಘದ ಅನುಭವವೇ ಇಡೀ ರಾಷ್ಟ್ರಕ್ಕೆ ಮಾದರಿಯಾಯಿತು. ವೈದ್ಯರ ಸಂಘ ಬಲವಾಗಿ ವಿರೋಧಿಸಿತ್ತು. ಆದರೂ ಯೋಜನೆ ನಿಂತಿತು. 1951ರಲ್ಲಿ ಹಲ್ಲುಕಟ್ಟು, ಕನ್ನಡಕಗಳಿಗೆ ಹಣ ಪಡೆಯಲು ಸರಕಾರ ಮುಂದಾದಾಗ ಬೆವನ್ ಮಂತ್ರಿಪದವಿಯನ್ನೇ ಬಿಟ್ಟರು. ಕೆಲಸಗಾರರ ಸಣ್ಣ ಸಂಘವೂ ದೇಶಕ್ಕೆ ದಾರಿ ತೋರಬಲ್ಲುದೆಂಬುದನ್ನು ನಮ್ಮ ಸದಸ್ಯರು ಮನಗಾಣಬೇಕು.

ಇತ್ತ ನಮ್ಮಲ್ಲಿ ಆದುದೇನು? 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಬಂತು. ನಾವು ಇ.ಎಸ್.ಐ. ಎಂದು ಕರೆಯುವ ಈ ಯೋಜನೆ 1952ರ ಫೆಬ್ರವರಿ 24ರಂದು ಮೊಟ್ಟಮೊದಲು ಜಾರಿಗೆ ಬಂದದ್ದು ಎರಡೇ ಕಡೆ: ಕಾನಪುರದಲ್ಲಿ ಮತ್ತು ನಮ್ಮ ಈ ದಿಲ್ಲಿಯಲ್ಲಿ. 1954ರಲ್ಲಿ ಕೇಂದ್ರ ಸರಕಾರ ತನ್ನ ನೌಕರರಿಗಾಗಿ ಬೇರೊಂದು ಆರೋಗ್ಯ ಯೋಜನೆಯನ್ನು ಇದೇ ದಿಲ್ಲಿಯಲ್ಲಿ ಆರಂಭಿಸಿತು. ಹೀಗೆ ಭೋರ್ ಸಮಿತಿ ಕಂಡ ಒಂದು ಬಾಗಿಲಿನ ಬದಲು ಮೂರಾದವು. ಕಚೇರಿಯ ಅಧಿಕಾರಿಗೆ ಒಂದು. ಪುಸ್ತಕದಲ್ಲಿ ಹೆಸರಿರುವ ಕಾರ್ಮಿಕನಿಗೆ ಇನ್ನೊಂದು. ಆ ಅಧಿಕಾರಿಗೆ ಕಾಫಿ ತಂದಿಡುವ, ಹೆಸರು ದಾಖಲಾಗದ ಮಾಣಿಗೆ ಮೂರನೆಯದು. ಆ ಮೂರನೆಯ ಬಾಗಿಲಿನ ಮುಂದೆ ಸಾಲು ಎಲ್ಲಕ್ಕಿಂತ ಉದ್ದ.

ಇ.ಎಸ್.ಐ.ಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ದುಡಿಯುವವನಿಗೂ ಅವನ ಕುಟುಂಬಕ್ಕೂ ಔಷಧ, ಶಸ್ತ್ರಚಿಕಿತ್ಸೆ. ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70, ಹೆರಿಗೆಗೆ 26 ವಾರಗಳ ಸಂಬಳ ಇಷ್ಟನ್ನು ಕೊಡುವ ಬೇರೆ ಯೋಜನೆ ನಮಗಿಲ್ಲ. 2019ರ ಜುಲೈಯಿಂದ ಇದಕ್ಕೆ ನೌಕರನ ಪಾಲು ಸಂಬಳದ ಶೇ. 0.75, ಮಾಲಿಕರ ಪಾಲು ಶೇ. 3.25. ದಿಲ್ಲಿಯಲ್ಲಿ 2025ರ ಏಪ್ರಿಲ್‌ನಿಂದ ಕೌಶಲವಿಲ್ಲದ ಕೆಲಸಗಾರನ ಕನಿಷ್ಠ ವೇತನ ತಿಂಗಳಿಗೆ 18,456 ರೂಪಾಯಿ ಎಂದು ಗೊತ್ತಾಯಿತು. ಆ ಲೆಕ್ಕದಲ್ಲಿ ನಮ್ಮ ಕೈಯಿಂದ ಸುಮಾರು 140 ರೂಪಾಯಿ, ಧನಿಗಳ ಗಲ್ಲೆಯಿಂದ ಸುಮಾರು 600. ಈ ಆರುನೂರನ್ನು ಉಳಿಸುವುದಕ್ಕಾಗಿ ಹೆಸರು ಬರೆಯದೆ ಬಿಡುವ ಮಾಲಿಕರು ತಮ್ಮ ಉಳಿತಾಯಕ್ಕೆ ನಮ್ಮ ಪ್ರಾಣವನ್ನು ಒತ್ತೆ ಇಡುತ್ತಾರೆಂದು ಹೇಳದೆ ವಿಧಿಯಿಲ್ಲ.

ಆದರೆ ದೋಷ ಮಾಲಿಕರದೊಂದೇ ಅಲ್ಲ, ಕಾನೂನಿನಲ್ಲಿಯೂ ಇದೆ. ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಹೋಟೆಲಿಗೆ ಇದು ಕಡ್ಡಾಯವಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, ಅಂಥ ಕಡೆಯೂ ಇಬ್ಬರೂ ಒಪ್ಪಿದರೆ ಸೇರಬಹುದೆನ್ನುತ್ತದೆ. ಒಪ್ಪಿಗೆ ಯಾರ ಕೈಯಲ್ಲಿದೆಯೆಂಬುದು ಎಲ್ಲರಿಗೂ ಗೊತ್ತು. ಇನ್ನು ಸಂಬಳದ ಮಿತಿಯನ್ನು 2017ರ ಜನವರಿಯಲ್ಲಿ 21,000 ರೂಪಾಯಿಗೆ ಏರಿಸಿದರು. ಆದರೆ 2025ರ ಏಪ್ರಿಲ್‌ನ ದಿಲ್ಲಿಯ ಆಜ್ಞೆಯಂತೆ ಕುಶಲ ಕೆಲಸಗಾರನ ಕನಿಷ್ಠ ವೇತನವೇ 22,411 ರೂಪಾಯಿ! ಕನಿಷ್ಠ ವೇತನ ಪಡೆದುದೇ ತಪ್ಪೆಂಬಂತೆ ಅವನು ವಿಮೆಯ ಹೊರಗೆ ನಿಲ್ಲಬೇಕಾಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿಯುವುದೆಂದರೆ ಇದೇ.

ಕೆಲಸ ಹೋದರಂತೂ ಕೇಳುವುದೇ ಬೇಡ. ದಿಲ್ಲಿ ಕ್ಲಾತ್ ಮಿಲ್ 1989ರಲ್ಲಿ ಮುಚ್ಚಿತು. 1996ರಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಿಂದ 168 ಕಾರ್ಖಾನೆಗಳು ನಗರದಲ್ಲಿ ಕೆಲಸ ನಿಲ್ಲಿಸಬೇಕಾಯಿತು. ಹತ್ತಿಯ ಧೂಳು ಕುಡಿದ ಎದೆಗೆ ಕೆಮ್ಮು ಹತ್ತುವುದು ವರುಷಗಳ ಮೇಲೆ. ಆ ಹೊತ್ತಿಗೆ ಮಿಲ್ಲೂ ಇಲ್ಲ, ಕಾರ್ಡೂ ಇಲ್ಲ. ಚಿಕಿತ್ಸೆಯ ಹಕ್ಕನ್ನು ನೌಕರಿಯ ಬಾಲಕ್ಕೆ ಕಟ್ಟಿದರೆ ಆಗುವುದು ಹೀಗೆಯೇ.

2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂದು, ಆಯ್ದ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ಆಸ್ಪತ್ರೆ ವೆಚ್ಚದ ಭರವಸೆ ಕೊಟ್ಟಿತು. ದಿಲ್ಲಿ ಅದನ್ನು ಸೇರಿದ್ದು 2025ರ ಏಪ್ರಿಲ್‌ನಲ್ಲಿ. ದೊಡ್ಡ ಶಸ್ತ್ರಚಿಕಿತ್ಸೆಯ ದಿನ ಅದು ಮನೆ ಉಳಿಸಬಲ್ಲುದು; ಅದನ್ನು ಸ್ವಾಗತಿಸುತ್ತೇವೆ. ಆದರೆ ಆ ಕಾರ್ಡು ಕೆಲಸಕ್ಕೆ ಬರುವುದು ಹಾಸಿಗೆ ಹಿಡಿದು ಆಸ್ಪತ್ರೆ ಸೇರಿದಾಗ. ತಿಂಗಳು ತಿಂಗಳು ನುಂಗುವ ಸಕ್ಕರೆ ಕಾಯಿಲೆಯ ಮಾತ್ರೆಗೆ, ನಿಂತು ನಿಂತು ಕಾಲಿನ ನರ ಉಬ್ಬಿದ ಸಪ್ಲೈಯರನ ನೋವಿಗೆ ಅದರಲ್ಲಿ ಉತ್ತರವಿಲ್ಲ. ಅದಕ್ಕೆ ಬೇಕಾದುದು ಗಲ್ಲಿಯಲ್ಲಿ ಒಬ್ಬ ವೈದ್ಯ, ಪುಕ್ಕಟೆ ಔಷಧ. 2015ರಲ್ಲಿ ದಿಲ್ಲಿಯಲ್ಲಿ ಆರಂಭವಾದ ಮೊಹಲ್ಲಾ ಕ್ಲಿನಿಕ್ಕುಗಳ ಹಿಂದಿದ್ದ ವಿಚಾರ ಇದೇ. ಸರಕಾರ ಬದಲಾದಂತೆ ಬೋರ್ಡು ಬದಲಾಗಲಿ. ಬಾಗಿಲು ಮುಚ್ಚಬಾರದು, ಔಷಧ ತೀರಬಾರದು.

ಸರಕಾರಿ ಆಸ್ಪತ್ರೆಯೆಂದರೆ ನೂಕುನುಗ್ಗಲು, ಉದಾಸೀನ ಎಂದು ವಿರೋಧಿಗಳು ಹೇಳುತ್ತಾರೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಒಂದು ಚೀಟಿಗಾಗಿ ಅರ್ಧ ದಿನದ ಕೂಲಿ ಕಳೆದುಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ. ಆದರೆ ಅಕ್ಕಿಯಲ್ಲಿ ಕಲ್ಲಿದೆಯೆಂದು ಊಟ ಬಿಡುವುದುಂಟೆ? ಕಲ್ಲು ಆರಿಸಬೇಕು. ಅಧಿಕಾರಿಯೂ ಮಾಣಿಯೂ ಒಂದೇ ಸಾಲಿನಲ್ಲಿ ನಿಲ್ಲುವಂತಾದ ದಿನ ಆ ಸಾಲು ತಾನಾಗಿ ಚಿಕ್ಕದಾಗುತ್ತದೆ.

ಹಣವೆಲ್ಲಿ ಎಂಬುದು ಎರಡನೆಯ ಆಕ್ಷೇಪ. 2021-22ರ ಸರಕಾರಿ ಲೆಕ್ಕದಂತೆ ದೇಶದ ಆರೋಗ್ಯ ವೆಚ್ಚದ ನೂರು ರೂಪಾಯಿಗಳಲ್ಲಿ ಸುಮಾರು 39 ರೂಪಾಯಿ ರೋಗಿಗಳ ಸ್ವಂತ ಜೇಬಿನಿಂದ ಹೋಯಿತು. ಸರಕಾರಗಳೆಲ್ಲ ಸೇರಿ ಮಾಡಿದ ವೆಚ್ಚ ರಾಷ್ಟ್ರದ ಒಟ್ಟು ಉತ್ಪನ್ನದ ಶೇ. 1.84 ಮಾತ್ರ, 2025ರೊಳಗೆ ಅದನ್ನು ಶೇ. 2.5ಕ್ಕೆ ಏರಿಸುವ ಗುರಿಯನ್ನು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಇಟ್ಟುಕೊಂಡಿತ್ತು. ಹಣವಿಲ್ಲವೆಂಬುದು ಸರಿಯಲ್ಲ. ಹಣ ಹೋಗುತ್ತಲೇ ಇದೆ. ಬಿದ್ದವನ ಜೇಬಿನಿಂದ, ಬಿದ್ದ ದಿನವೇ, ಸಾಲ ಮಾಡಿಸಿ ಹೋಗುತ್ತಿದೆ. ಗಟ್ಟಿಯಾಗಿರುವಾಗ ಎಲ್ಲರೂ ತೆರಿಗೆಯಾಗಿ ಕೊಟ್ಟು, ಬಿದ್ದಾಗ ಯಾರೂ ಕೊಡದಿರುವುದೇ ನ್ಯಾಯ.

ನ್ಯಾಯಾಲಯಗಳೂ ಇತ್ತ ಕಡೆಗೇ ಬೆರಳು ತೋರಿವೆ. ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕರ ಸಂಘ ಹೂಡಿದ ಮೊಕದ್ದಮೆಯಲ್ಲಿ, ತುರ್ತು ಚಿಕಿತ್ಸೆಯನ್ನು ಸರಕಾರಿ ಆಸ್ಪತ್ರೆ ನಿರಾಕರಿಸುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತಿತು. ರಿಯಾಯಿತಿ ದರದಲ್ಲಿ ಸರಕಾರಿ ಜಮೀನು ಪಡೆದ ಖಾಸಗಿ ಆಸ್ಪತ್ರೆಗಳು ಬಡವರಿಗೆ ಶೇ. 10 ಹಾಸಿಗೆಗಳಲ್ಲಿಯೂ, ಹೊರರೋಗಿಗಳಲ್ಲಿ ಶೇ. 25 ಮಂದಿಗೂ ಉಚಿತ ಚಿಕಿತ್ಸೆ ಕೊಡಬೇಕೆಂದು ದಿಲ್ಲಿ ಹೈಕೋರ್ಟು 2007ರಲ್ಲಿ ಆಜ್ಞಾಪಿಸಿತು. ಈ ಹಕ್ಕನ್ನು ಕೇಳಿ ಪಡೆದವರು ನಮ್ಮಲ್ಲಿ ಎಷ್ಟು ಮಂದಿ?

ಆದುದರಿಂದ ನಮ್ಮ ಬೇಡಿಕೆ ಇಷ್ಟೇ. ಚಿಕಿತ್ಸೆ ನೌಕರಿಯ ಕಾರ್ಡಿಗಲ್ಲ, ಮನುಷ್ಯನಿಗೆ ಸಿಗಬೇಕು. ಅದು ಆಗುವವರೆಗೆ ಇ.ಎಸ್.ಐ.ಯಲ್ಲಿ ಹತ್ತು ಜನರ ಕಟ್ಟಳೆ ಹೋಗಬೇಕು. ಸಂಬಳದ ಮಿತಿ ಕನಿಷ್ಠ ವೇತನಕ್ಕಿಂತ ಎಂದೂ ಕೆಳಗಿರಬಾರದು. ಊರಿನ ರೇಶನ್ ಕಾರ್ಡು ಹಿಡಿದು ಬಂದವನನ್ನು ಹೊರಗಿನವನೆಂದು ಹಿಂದಕ್ಕೆ ಕಳಿಸಬಾರದು.

ಬಂಧುಗಳೇ, ಬೇಡಿಕೆಯ ಜೊತೆಗೆ ನಮ್ಮ ಕರ್ತವ್ಯವೂ ಇದೆ. ಮುಂದಿನ ಸಂಬಳದ ದಿನ ಧನಿಗಳನ್ನು ವಿನಯದಿಂದ, ಆದರೆ ತಲೆ ತಗ್ಗಿಸದೆ, ನಿಮ್ಮ ವಿಮೆಯ ನಂಬರು ಕೇಳಿರಿ. ಇದ್ದರೆ ಹೆಂಡತಿ ಮಕ್ಕಳ ಹೆಸರು ಅದರಲ್ಲಿ ಸೇರಿದೆಯೇ ನೋಡಿರಿ. ಇಲ್ಲವೆಂದರೆ ಒಬ್ಬರೇ ಜಗಳಕ್ಕೆ ನಿಲ್ಲಬೇಡಿರಿ, ಸಂಘಕ್ಕೆ ಬನ್ನಿರಿ. ಓದು ಬಾರದ ಅಣ್ಣ ತಮ್ಮಂದಿರ ಅರ್ಜಿಯನ್ನು ಓದು ಬಲ್ಲವರು ಬರೆದುಕೊಡಿರಿ. ಟ್ರೆಡೆಗರ್‌ನ ಗಣಿ ಕೆಲಸಗಾರರು ಚಿಲ್ಲರೆ ಕಾಸಿನಿಂದ ಮೊದಲುಮಾಡಿದರು. ನಾವು ಒಂದು ನಂಬರು ಕೇಳುವುದರಿಂದ ಮೊದಲುಮಾಡೋಣ.