‘ಆದ’ ಮತ್ತು ‘ಆಗಿ’: ಇದು ಬರಿಯ ಪ್ರತ್ಯಯದ ಜಗಳವಲ್ಲ

ಹೊರನಾಡಿನ ಕನ್ನಡ ಬರವಣಿಗೆಯ ಪ್ರಸ್ತಾಪ ಬಂದಾಗಲೆಲ್ಲ ಅರ್ಥವಾದರೆ ಸಾಕು, ವ್ಯಾಕರಣದ ಗೊಡವೆ ಏಕೆ ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಈ ಔದಾರ್ಯವನ್ನು ನಾವು ಒಪ್ಪುವುದಿಲ್ಲ. ಏನು ಅರ್ಥವಾಗಬೇಕು ಎಂಬುದನ್ನು ನಿರ್ಧರಿಸುವುದೇ ವ್ಯಾಕರಣ. ಇದಕ್ಕೆ ‘ಅಸ್ಪಷ್ಟವಾದ’, ‘ಅಸ್ಪಷ್ಟವಾಗಿ’ ಎಂಬ ಎರಡು ರೂಪಗಳೇ ಸಾಕ್ಷಿ.

ಎರಡೂ ‘ಆಗು’ ಧಾತುವಿನಿಂದ ಹುಟ್ಟಿದವು. ‘ಆದ’ ನಾಮಪದಕ್ಕೆ ವಿಶೇಷಣವಾಗುತ್ತದೆ. ‘ಆಗಿ’ ಕ್ರಿಯೆಯನ್ನು ಹಿಡಿಯುತ್ತದೆ. ನಮ್ಮ ಯಾವುದೇ ಸಂಘದ ನಡಾವಳಿ ಪುಸ್ತಕವನ್ನು ಊಹಿಸಿಕೊಳ್ಳಿ. ‘ಅಸ್ಪಷ್ಟವಾದ ನಿರ್ಣಯವನ್ನು ದಾಖಲಿಸಲಾಗಿದೆ’ ಎಂದರೆ ತಪ್ಪು ಸಭೆಯದು. ‘ನಿರ್ಣಯವನ್ನು ಅಸ್ಪಷ್ಟವಾಗಿ ದಾಖಲಿಸಲಾಗಿದೆ’ ಎಂದರೆ ತಪ್ಪು ಬರೆದವರದು. ಬದಲಾದದ್ದು ಒಂದು ಪ್ರತ್ಯಯ, ಪದದ ಒಂದು ಸ್ಥಾನ. ಅಷ್ಟರಲ್ಲೇ ಆರೋಪಿ ಬದಲಾದ.

‘ನಿರ್ಣಯ ಅಸ್ಪಷ್ಟವಾಗಿದೆ’ ಎಂಬಲ್ಲಿ ‘ಆಗಿ’ಯೇ ನಾಮದ ಗುಣವನ್ನು ಹೇಳುತ್ತದಲ್ಲವೇ, ಹಾಗಿದ್ದ ಮೇಲೆ ಭೇದವೆಲ್ಲಿ ಎಂಬ ಆಕ್ಷೇಪಣೆ ಉಂಟು. ಹೇಳುತ್ತದೆ, ನಿಜ. ‘ಇದೆ’ ಎಂಬುದರಲ್ಲಿ ಮಾಡುವ ಬಗೆಯೊಂದು ಇಲ್ಲದಿರುವುದರಿಂದ ಗುಣ ಕರ್ತೃಪದಕ್ಕೇ ಸಲ್ಲುತ್ತದೆ. ‘ದಾಖಲಿಸು’, ‘ಹೇಳು’, ‘ಬರೆ’ ಎಂಬ ಕ್ರಿಯೆಗಳು ಬಂದೊಡನೆ ‘ಆಗಿ’ ಆ ಕ್ರಿಯೆಯ ಬೆನ್ನು ಹತ್ತುತ್ತದೆ. ಆಕ್ಷೇಪಣೆಯಿಂದ ಭೇದ ಅಳಿಯಲಿಲ್ಲ, ಗಟ್ಟಿಯಾಯಿತು.

ಈ ಭೇದದ ನೈತಿಕ ಭಾರವನ್ನು ಮಹಾಭಾರತ ಬಲ್ಲದು. ‘ಅಶ್ವತ್ಥಾಮ’ ಎಂಬುದು ಸಂದಿಗ್ಧವಾದ ಹೆಸರು. ಅದು ದ್ರೋಣನ ಮಗನಿಗೂ ಇತ್ತು, ಭೀಮ ಕೊಂದ ಆನೆಗೂ ಇತ್ತು. ಆ ಸಂದಿಗ್ಧತೆಯನ್ನು ಧರ್ಮರಾಯ ಹುಟ್ಟಿಸಲಿಲ್ಲ. ಆದರೆ ‘ಆನೆ’ ಎಂಬುದು ಸ್ಪಷ್ಟವಾದ ಪದ. ಅದನ್ನು ಅವನು ಅಸ್ಪಷ್ಟವಾಗಿ ನುಡಿದ. ವ್ಯಾಸಭಾರತದ ದ್ರೋಣಪರ್ವ ಇಲ್ಲಿ ‘ಅವ್ಯಕ್ತ’ವೆಂಬ ಪದವನ್ನು ಕ್ರಿಯಾವಿಶೇಷಣವಾಗಿಯೇ ಬಳಸುತ್ತದೆ. ನೆಲದಿಂದ ನಾಲ್ಕು ಅಂಗುಲ ಮೇಲಿದ್ದ ಅವನ ರಥ ನೆಲಕ್ಕಿಳಿದದ್ದು ಹೆಸರಿನ ದೋಷಕ್ಕಲ್ಲ, ನುಡಿದ ಬಗೆಗೆ. ‘ಧರ್ಮರಾಯ ಅಸ್ಪಷ್ಟವಾದ ಮಾತನ್ನಾಡಿದ’ ಎಂದು ಬರೆಯುವವರು ಅವನ ಅಪರಾಧವನ್ನು ಮಾತಿನ ತಲೆಗೆ ಕಟ್ಟಿ ಅವನನ್ನು ಬಿಟ್ಟುಬಿಡುತ್ತಾರೆ.

ನೆರೆಯ ನುಡಿಗಳೆಲ್ಲವೂ ನಮ್ಮನ್ನು ಕೆಡಿಸುತ್ತವೆ ಎಂಬ ದೂರೂ ನಮಗೆ ಸಮ್ಮತವಲ್ಲ. ಚೆನ್ನೈಯಲ್ಲಿರುವವರು ತಮಿಳಿನ ‘ಆನ’, ‘ಆಗ’ಗಳನ್ನೂ ಹೈದರಾಬಾದಿನಲ್ಲಿರುವವರು ತೆಲುಗಿನ ‘ಐನ’, ‘ಗಾ’ಗಳನ್ನೂ ದಿನವೂ ಕೇಳುತ್ತಾರೆ, ಅಲ್ಲಿಯೂ ಇದೇ ವಿಭಾಗ, ಇದೇ ಶಿಸ್ತು. ತೊಡಕಿರುವುದು ಹಿಂದಿಯ ‘ರೂಪ್ ಸೇ’ಯನ್ನು ಹಾಗೆಯೇ ಎತ್ತಿ ತಂದು ‘ಅಸ್ಪಷ್ಟ ರೂಪದಲ್ಲಿ ಹೇಳಿದರು’ ಎಂದು ಬರೆಯುವುದರಲ್ಲಿ. ಆ ‘ರೂಪ’ ಮಾತಿನದೋ ಹೇಳಿದ ಬಗೆಯದೋ? ಅಸ್ಪಷ್ಟತೆಯನ್ನು ಕುರಿತ ವಾಕ್ಯವೇ ಸಂದಿಗ್ಧವಾಗುತ್ತದೆ. ಹಿಂದಿಗೆ ಅದು ಸಹಜ. ‘ಆಗಿ’ಯನ್ನು ಕೈಯಲ್ಲಿಟ್ಟುಕೊಂಡ ಕನ್ನಡಕ್ಕೆ ಈ ಸಾಲ ಏಕೆ?

ಮುಂಬಯಿಯಲ್ಲೋ ದೆಹಲಿಯಲ್ಲೋ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಬೀದಿಯ ಕನ್ನಡವಿಲ್ಲ, ಕಚೇರಿಯ ಕನ್ನಡವೂ ಇಲ್ಲ. ಮನೆಯ ಮಾತಿನಾಚೆಗೆ ಅವರ ಪಾಲಿಗೆ ಉಳಿದಿರುವುದು ಬಹುಮಟ್ಟಿಗೆ ನಾವು ಬರೆದದ್ದು. ತಪ್ಪು ಮಾತಿನದೋ ಆಡಿದವನದೋ ಎಂದು ಬೇರ್ಪಡಿಸಲಾರದ ಭಾಷೆಯನ್ನು ಅವರ ಕೈಗಿತ್ತರೆ, ಅದರಲ್ಲಿ ಯಾರನ್ನೂ ಹೊಣೆಗಾರರನ್ನಾಗಿಸಲು ಅವರಿಗೆ ಸಾಧ್ಯವಾಗದು. ‘ಅರ್ಥವಾದರೆ ಸಾಕು’ ಎನ್ನುವವರು ಮೊದಲು ಇದಕ್ಕೆ ಉತ್ತರಿಸಲಿ. ಸ್ಪಷ್ಟವಾದ ಉತ್ತರವನ್ನು, ಸ್ಪಷ್ಟವಾಗಿ.