ಪೈಲಟ್‌ಗಳ ವ್ಯಕ್ತಿತ್ವ ಪರೀಕ್ಷೆಯೂ ನಮ್ಮ ಪೇಢಿಗಳ ನೇಮಕವೂ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ವೈಮಾನಿಕ ತರಬೇತಿ ಶಾಲೆಗಳಿಗೆ ಸ್ಥಳ ನೀಡಲು 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ನಿರ್ಧರಿಸಿದಂದಿನಿಂದ ನಮ್ಮ ವರ್ತಕ ಕುಟುಂಬಗಳಲ್ಲಿಯೂ ಪೈಲಟ್ ವೃತ್ತಿಯ ಮಾತು ಕೇಳಿಬರುತ್ತಿದೆ. ಪರವಾನಗಿ ಕೈಗೆ ಬರುವಷ್ಟರಲ್ಲಿ ಅರ್ಧ ಕೋಟಿ ರೂಪಾಯಿಯ ಆಸುಪಾಸು ಖರ್ಚು ಬೀಳುವ, ಅದರಲ್ಲಿ ಬಹುಪಾಲು ಸಾಲದಿಂದಲೇ ಹೊಂದಿಸಬೇಕಾದ ವೃತ್ತಿಯಿದು. ಅಷ್ಟೆಲ್ಲ ಹೂಡಿದ ಮೇಲೆಯೂ ವಿಮಾನ ಕಂಪನಿಯ ವ್ಯಕ್ತಿತ್ವ ಪರೀಕ್ಷೆಯೊಂದು ದಾರಿಗೆ ಅಡ್ಡ ನಿಲ್ಲಬಹುದು. ಇದೇ ಮಾದರಿಯ ಪ್ರಶ್ನಾವಳಿಗಳನ್ನು ಉದ್ಯಮಬಾಗದ ಫೌಂಡ್ರಿಗಳಿಗೂ ಕ್ಯಾಂಪಿನ ಮಳಿಗೆಗಳಿಗೂ ಮಾರಲು ಬರುವವರಿರುವುದರಿಂದ ಈ ವಿಷಯವು ನಮಗೆ ಸಂಬಂಧಿಸಿದ್ದೇ ಆಗಿದೆ.

ಕೈ, ಕಣ್ಣುಗಳ ಹೊಂದಾಣಿಕೆಯನ್ನು ಅಳೆಯುವುದು ಬೇರೆ, ಸ್ವಭಾವವನ್ನು ಅಳೆಯುವುದು ಬೇರೆ. ಮೊದಲನೆಯದರಲ್ಲಿ ಅಭ್ಯರ್ಥಿಯು ಮಾಡಿ ತೋರಿಸಬೇಕು. ಎರಡನೆಯದರಲ್ಲಿ ತನ್ನನ್ನು ಕುರಿತು ತಾನೇ ಹೇಳಿಕೊಳ್ಳುತ್ತಾನೆ. ನೌಕರಿ ಬೇಕಾದವನು 'ನನಗೆ ಬೇಗ ಸಿಟ್ಟು ಬರುತ್ತದೆ' ಎಂಬ ವಾಕ್ಯಕ್ಕೆ 'ಹೌದು' ಎಂದು ಗುರುತು ಹಾಕುವನೆ? ಲೆಕ್ಕಪರಿಶೋಧಕನ ಭಾಷೆಯಲ್ಲಿ ಹೇಳುವುದಾದರೆ, ಇದು ಪಾರ್ಟಿಯು ತಾನೇ ಬರೆದುಕೊಟ್ಟ ಶಿಲ್ಕು. ಗೋದಾಮಿಗೆ ಹೋಗಿ ಎಣಿಸಿದ್ದಲ್ಲ. ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಯು ಇದನ್ನು ಅರಿತಿದೆ. ಅಲ್ಲಿ ಮನೋವಿಜ್ಞಾನಿ, ಸಂದರ್ಶಕ ಅಧಿಕಾರಿ, ಗುಂಪು ಪರೀಕ್ಷೆಯ ಅಧಿಕಾರಿ ಮೂವರೂ ಹಲವು ದಿನ ಪ್ರತ್ಯೇಕವಾಗಿ ಅಳೆದು, ಬಳಿಕವೇ ಒಟ್ಟಿಗೆ ಕುಳಿತು ನಿರ್ಣಯಿಸುತ್ತಾರೆ. ನಮಗೆ ಮಾರಲಾಗುವುದು ಈ ವ್ಯವಸ್ಥೆಯ ಒಂದು ಚೂರು ಮಾತ್ರ.

2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಸಹಚಾಲಕನೇ ಉದ್ದೇಶಪೂರ್ವಕವಾಗಿ ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿದನು. 150 ಜನ ಮಡಿದರು. ಆತನು ಲುಫ್ಥಾನ್ಸಾದ ಕಠಿಣ ಆಯ್ಕೆ ಪ್ರಕ್ರಿಯೆಯನ್ನು ದಾಟಿಯೇ ಬಂದವನು. ಖಿನ್ನತೆಯಿಂದಾಗಿ ತರಬೇತಿಯನ್ನು ಒಮ್ಮೆ ಮಧ್ಯದಲ್ಲಿಯೇ ನಿಲ್ಲಿಸಿದ್ದನು. ಕಾಯಿಲೆಯು ಮರುಕಳಿಸಿದಾಗ ವೈದ್ಯರು ಕೊಟ್ಟ ರಜೆಯ ಚೀಟಿಗಳನ್ನು ಕಂಪನಿಗೆ ಒಪ್ಪಿಸದೆ ಮುಚ್ಚಿಟ್ಟನು. ತರಬೇತಿಗಾಗಿ ಸುಮಾರು 41,000 ಯೂರೋ ಸಾಲ ಮಾಡಿದ್ದನೆಂಬುದನ್ನು ಫ್ರಾನ್ಸಿನ ತನಿಖಾ ಸಂಸ್ಥೆಯು ತನ್ನ 2016ರ ವರದಿಯಲ್ಲಿ ದಾಖಲಿಸಿದೆ. ಪರವಾನಗಿ ಹೋದರೆ ಅನ್ನವೂ ಹೋಯಿತು, ಸಾಲವೂ ಉಳಿಯಿತು ಎಂಬ ಸ್ಥಿತಿಯಲ್ಲಿರುವವನು ಯಾವ ಪ್ರಶ್ನಾವಳಿಗೆ ನಿಜ ನುಡಿದಾನು? ಯುರೋಪಿನ 2018ರ ನಿಯಮವು ಮನೋಮಾಪನವನ್ನು ಕಡ್ಡಾಯಗೊಳಿಸುವುದರ ಜೊತೆಗೆ ಪೈಲಟ್‌ಗಳಿಗೆ ನೆರವಿನ ವ್ಯವಸ್ಥೆಯನ್ನೂ ಕಡ್ಡಾಯ ಮಾಡಿತು. ನನ್ನ ಎಣಿಕೆಯಲ್ಲಿ ಈ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು.

ನಮ್ಮ ರಾಜ್ಯದ ದುರಂತವು ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ರನ್‌ವೇ ದಾಟಿ ಕಮರಿಗೆ ಬಿದ್ದು 158 ಜನ ಅಸುನೀಗಿದರು. ದೀರ್ಘ ಅನುಭವಿಯಾದ ಕ್ಯಾಪ್ಟನ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿದ್ದರು. ಇಳಿಯುವುದನ್ನು ಕೈಬಿಟ್ಟು ಮೇಲೇರುವಂತೆ ಸಹಚಾಲಕರು ಮೂರು ಸಲ ಹೇಳಿದರೂ, ಯಂತ್ರವು ಎಚ್ಚರಿಸಿದರೂ, ಅವರು ಕೇಳಲಿಲ್ಲವೆಂದು ತನಿಖೆಯು ಹೇಳಿತು. ಕಿರಿಯರು ಸರಿಯಾದುದನ್ನೇ ಹೇಳಿದ್ದರು. ಹಿರಿಯರ ಕೈಯಿಂದ ನಿಯಂತ್ರಣವನ್ನು ತೆಗೆದುಕೊಳ್ಳುವ ಧೈರ್ಯವನ್ನು ಅವರಿಗೆ ಕೊಡಬೇಕಾದುದು ಸಂಸ್ಥೆಯ ಶಿಸ್ತು. ಅದನ್ನು ನೇಮಕದ ದಿನದ ಅಂಕಪಟ್ಟಿಯಿಂದ ಪಡೆಯಲಾಗದು.

ನಮ್ಮ ಪೇಢಿಗಳಲ್ಲಿ ಮಾಲೀಕರ ತಪ್ಪು ಲೆಕ್ಕವನ್ನು ಕಂಡೂ ಬಾಯಿಬಿಡದ ಗುಮಾಸ್ತರು ಎಷ್ಟು ಜನರಿಲ್ಲ! (ಬಾಯಿಬಿಟ್ಟವರು ಮರುವರ್ಷ ಕಾಣಿಸದಿರುವುದೂ ಉಂಟು.) ಅಂಥಲ್ಲಿ ವ್ಯಕ್ತಿತ್ವ ಪರೀಕ್ಷೆಗೆ ತೆತ್ತ ಹಣವು ಖರ್ಚಿನ ಬಾಬತ್ತೇ ಹೊರತು ಆಸ್ತಿಯಲ್ಲ. ಬ್ಯಾಂಕುಗಳನ್ನು ನೋಡೋಣ. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ಮುನ್ಸೂಚನೆಯಿಲ್ಲದೆ ವರ್ಷಕ್ಕೊಮ್ಮೆ ಒಟ್ಟಿಗೆ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ವಿಧಿಸಿತು. ಆ ದಿನಗಳಲ್ಲಿ ಇನ್ನೊಬ್ಬರು ಆ ಮೇಜಿನಲ್ಲಿ ಕುಳಿತರೆ ಮುಚ್ಚಿಟ್ಟದ್ದು ಹೊರಬೀಳುತ್ತದೆ. ಖಾನಾಪುರದ ಹೆಂಚಿನ ಕಾರ್ಖಾನೆಯವರೂ ಖರ್ಚಿಲ್ಲದೆ ಇದನ್ನು ಮಾಡಬಹುದು.

ಪರೀಕ್ಷೆ ಬೇಕೇ ಬೇಕೆನ್ನುವವರು ಮಾರಲು ಬಂದವರನ್ನು ಮೂರು ಪ್ರಶ್ನೆ ಕೇಳಲಿ: ಇದನ್ನು ನಮ್ಮಂತಹ ಉದ್ದಿಮೆಗಳ ಕೆಲಸಗಾರರ ಮೇಲೆ ಪರಿಶೀಲಿಸಲಾಗಿದೆಯೆ? ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದೆಯೆ? ತಿರಸ್ಕೃತನಾದವನಿಗೆ ಕಾರಣವನ್ನು ತಿಳಿಸುವಿರಾ? ಉತ್ತರವನ್ನು ಬರವಣಿಗೆಯಲ್ಲಿ ಪಡೆದ ಬಳಿಕವೇ ಚೆಕ್ಕಿಗೆ ಸಹಿ ಹಾಕಲಿ.